ನಂಬರ್ ಊರಿನದು, ಡೇಟಾ ಪರದೇಶದ್ದು: ವಿದೇಶಕ್ಕೆ ಹೊರಟವರ ಮೊಬೈಲ್ ತಯಾರಿ

ಮೈಸೂರು, ಮಂಡ್ಯ ಕಡೆಯಿಂದ ವಿದೇಶಕ್ಕೆ ಹೋಗುವವರು ಈಗ ಸಾಫ್ಟ್‌ವೇರ್ ಕಂಪನಿಯವರು ಮಾತ್ರ ಅಲ್ಲ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡುವ ತಾಯಂದಿರು, ನಿವೃತ್ತಿಯ ಹಣದಲ್ಲಿ ಯುರೋಪ್ ನೋಡಿಬರುವ ಮೇಷ್ಟ್ರುಗಳು, ಉಮ್ರಾಕ್ಕೆ ಹೋಗುವ ಕುಟುಂಬಗಳು, ಥಾಯ್ಲೆಂಡಿಗೆ ಗುಂಪು ಕಟ್ಟಿಕೊಂಡು ಹೋಗುವ ಗೆಳೆಯರು, ಎಲ್ಲರೂ ಹೋಗುತ್ತಿದ್ದಾರೆ. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾಯಿತು. ಅಂಚೆ ಕಚೇರಿಯೊಳಗಿನ ಇಂಥ ಕೇಂದ್ರಗಳಲ್ಲಿ ದೇಶಕ್ಕೇ ಮೊದಲ ಎರಡರಲ್ಲಿ ಅದೂ ಒಂದು. ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಅಲೆಯುವ ಕಾಲ ಹೋಯಿತು.

ಹೊರಡುವ ಮುನ್ನ ಎಲ್ಲದಕ್ಕೂ ಪಟ್ಟಿ ಇರುತ್ತದೆ. ವೀಸಾ, ವಿಮೆ, ಮಾತ್ರೆ, ಸ್ವೆಟರ್, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಮೊಬೈಲ್ ವಿಷಯ ಬಂದಾಗ ಮಾತ್ರ ‘ಅಲ್ಲಿ ಹೋಗಿ ನೋಡಿಕೊಂಡರಾಯಿತು’ ಎಂಬ ಉತ್ತರ. ಅಲ್ಲಿ ಹೋಗಿ ನೋಡಿಕೊಳ್ಳುವುದು ಎಂದರೆ ಏನು ಗೊತ್ತೇ? ರಾತ್ರಿಯೆಲ್ಲ ನಿದ್ದೆಗೆಟ್ಟು ವಿಮಾನ ಇಳಿದು, ಪರದೇಶದ ನಿಲ್ದಾಣದ ಸಾಲಿನಲ್ಲಿ ನಿಂತು, ಭಾಷೆ ತಿಳಿಯದ ಕೌಂಟರಿನಲ್ಲಿ, ದರ ಹೋಲಿಸಲು ನೆಟ್ ಇಲ್ಲದೆ, ಕೊಟ್ಟದ್ದನ್ನು ತೆಗೆದುಕೊಳ್ಳುವುದು. ಅಲ್ಲಿಂದ ಆನ್‌ಲೈನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಕಾದರೆ ಸಾಮಾನ್ಯವಾಗಿ ಒಟಿಪಿ ಬೇಕು. ಒಟಿಪಿ ಬರಬೇಕಾದರೆ ಊರಿನ ಸಿಮ್‌ಗೆ ಸಿಗ್ನಲ್ ಬೇಕು. ಸಿಗ್ನಲ್ ಬೇಕೆಂದರೆ ರೋಮಿಂಗ್, ಅಂದರೆ ಊರಿನ ಸಿಮ್ ಪರದೇಶದ ಜಾಲದಲ್ಲಿ ನಡೆಯುವ ಸೇವೆ, ಚಾಲೂ ಆಗಿರಬೇಕು. ರೋಮಿಂಗ್ ಚಾಲೂ ಮಾಡಲು ಕಂಪನಿಯ ಆ್ಯಪ್ ತೆರೆಯಬೇಕು, ಆ್ಯಪ್ ತೆರೆಯಲು ನೆಟ್ ಬೇಕು. ಈ ಸುತ್ತಿನಿಂದ ಹೊರಬರುವ ಬಾಗಿಲು ಇರುವುದು ಮೈಸೂರಿನಲ್ಲಿ, ಬ್ಯಾಂಕಾಕಿನಲ್ಲಲ್ಲ.

ಇಡೀ ಲೇಖನದ ತಿರುಳು ಇಷ್ಟೇ: ನಿಮ್ಮ ಫೋನು ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ನಿಮ್ಮ ನಂಬರ್ ಆಗಿರುವುದು. ಬ್ಯಾಂಕು, ಆಧಾರ್, ವಾಟ್ಸ್‌ಆ್ಯಪ್ ಎಲ್ಲವೂ ನಿಮ್ಮನ್ನು ಗುರುತಿಸುವುದು ಅದರಿಂದ. ಇನ್ನೊಂದು, ಇಂಟರ್ನೆಟ್ ತರುವುದು. ಊರಿನಲ್ಲಿ ಎರಡನ್ನೂ ಒಂದೇ ಸಿಮ್ ಮಾಡುವುದರಿಂದ ಅವು ಒಂದೇ ಎಂದುಕೊಂಡಿದ್ದೇವೆ. ಗಡಿ ದಾಟುವಾಗ ಇವನ್ನು ಬೇರ್ಪಡಿಸಿ ಯೋಚಿಸಿದರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಒಂದು ತಿಂಗಳ ಮೊದಲು: ಕೈಯಲ್ಲಿರುವ ಫೋನನ್ನು ನೋಡಿ

ಕರೆ ಮಾಡುವ ಪರದೆಯಲ್ಲಿ *#06# ಒತ್ತಿ. ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆಗಳು ಕಾಣಿಸುತ್ತವೆ. ಅವುಗಳ ಜೊತೆ ‘ಇಐಡಿ’ ಎಂಬ ಉದ್ದನೆಯ ಸಂಖ್ಯೆಯೂ ಇದ್ದರೆ ನಿಮ್ಮ ಫೋನಿನಲ್ಲಿ ಇ-ಸಿಮ್ ಸೌಲಭ್ಯ ಇದೆ ಎಂದರ್ಥ. ಇ-ಸಿಮ್ ಎಂದರೆ ಫೋನಿನೊಳಗೇ ಕೂತಿರುವ ಚಿಪ್. ಕಂಪನಿಯವರು ಕಳಿಸುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದರೊಳಗೆ ಹೊಸ ಸಂಪರ್ಕ ಬಂದು ಕೂರುತ್ತದೆ. ಪ್ಲಾಸ್ಟಿಕ್ ತುಂಡಿನ ಗೊಡವೆ ಇಲ್ಲ. ಐಫೋನಿನಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್ ಮಾದರಿಗಳಿಂದ ಈಚೆಗೆ ಇದು ಇದೆ. ಆಂಡ್ರಾಯ್ಡ್‌ನಲ್ಲಿ ದುಬಾರಿ ಮಾದರಿಗಳಲ್ಲಿ ಇರುತ್ತದೆ, ಅಗ್ಗದವುಗಳಲ್ಲಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ದೇವರಾಜ ಅರಸು ರಸ್ತೆಯ ಅಂಗಡಿಯವರ ಬಾಯಿಮಾತಿಗಿಂತ *#06# ಹೇಳುವುದನ್ನೇ ನಂಬಿ.

ಮಕ್ಕಳು ಅಮೆರಿಕದಿಂದ ತಂದುಕೊಟ್ಟ ಐಫೋನ್ ಆಗಿದ್ದರೆ ಎರಡು ಸಂಗತಿ ಗಮನಿಸಬೇಕು. 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಮಾದರಿಗಳಿಗೆ ಸಿಮ್ ಹಾಕುವ ತಟ್ಟೆಯೇ ಇಲ್ಲ, ಎಲ್ಲವೂ ಇ-ಸಿಮ್. ಅಂಥ ಫೋನಿಗೆ ಊರಿನ ನಂಬರನ್ನೂ ಇ-ಸಿಮ್ ಆಗಿ ಬದಲಾಯಿಸಿಕೊಳ್ಳಬೇಕು. ಎರಡನೆಯದು, ಅಲ್ಲಿನ ಮೊಬೈಲ್ ಕಂಪನಿಯ ಕಂತಿನಲ್ಲಿ ಕೊಂಡ ಫೋನಾದರೆ ಅದು ‘ಲಾಕ್’ ಆಗಿರಬಹುದು. ಬೇರೆ ಕಂಪನಿಯ ಸಿಮ್ಮನ್ನು ಅದು ಒಪ್ಪುವುದಿಲ್ಲ. ಇದನ್ನು ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ಪುಟದಲ್ಲೇ ನೋಡಬಹುದು.

ಊರಿನ ಸಿಮ್ಮನ್ನು ಇ-ಸಿಮ್‌ಗೆ ಬದಲಾಯಿಸುವುದಾಗಲಿ, ಹಳೆಯ ಸಿಮ್ ಹಾಳಾಗಿ ಹೊಸದು ತರುವುದಾಗಲಿ, ಪ್ರಯಾಣದ ಹಿಂದಿನ ದಿನ ಬೇಡವೇ ಬೇಡ. ಸಿಮ್ ಬದಲಾದ ಮೇಲೆ 24 ಗಂಟೆಗಳ ಕಾಲ ಎಸ್‌ಎಂಎಸ್ ತಡೆಹಿಡಿಯುವ ನಿಯಮವಿದೆ. ವಂಚಕರು ನಿಮ್ಮ ಹೆಸರಿನಲ್ಲಿ ಸಿಮ್ ಪಡೆದು ಒಟಿಪಿ ಕದಿಯದಿರಲಿ ಎಂದು ಮಾಡಿದ ಏರ್ಪಾಡು ಅದು, ಒಳ್ಳೆಯದೇ. ಆದರೆ ಆ 24 ಗಂಟೆಗಳನ್ನು ನೀವು ವಿಮಾನ ನಿಲ್ದಾಣದಲ್ಲಿ ಕಳೆಯುತ್ತಿದ್ದರೆ ಒಟಿಪಿ ಕೇಳುವ ಒಂದು ಪಾವತಿ ಮಾಡುವುದೂ ಕಷ್ಟ.

ಡೇಟಾ ಎಲ್ಲಿಂದ?

ದಾರಿಗಳು ಮೂರು. ಊರಿನ ಕಂಪನಿಯ ರೋಮಿಂಗ್ ಪ್ಯಾಕ್, ಪ್ರವಾಸಿಗಳಿಗೆಂದೇ ಮಾರುವ ಇ-ಸಿಮ್, ಮತ್ತು ಹೋದ ದೇಶದಲ್ಲೇ ಕೊಳ್ಳುವ ಸಿಮ್. ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ, ಯಾರು ಹೋಗುತ್ತಿದ್ದಾರೆ, ಎಷ್ಟು ದಿನ ಇರುತ್ತಾರೆ ಎಂಬುದನ್ನು ಅವಲಂಬಿಸಿದೆ.

ಒಂದು ವಾರ, ಹತ್ತು ದಿನದ ಪ್ರವಾಸಕ್ಕೆ ಹೊರಟ ಹಿರಿಯರಿಗೆ ಊರಿನ ಕಂಪನಿಯ ರೋಮಿಂಗ್ ಪ್ಯಾಕ್ ಹಾಕಿಸಿಬಿಡಿ. ಇ-ಸಿಮ್‌ಗಿಂತ ದುಬಾರಿ, ನಿಜ. ಆದರೆ ಸಿಮ್ ಬದಲಾಯಿಸಬೇಕಿಲ್ಲ, ಫೋನಿನಲ್ಲಿ ಡೇಟಾ ರೋಮಿಂಗ್ ಆನ್ ಇದ್ದರೆ ಸಾಕು. ಇಳಿದ ತಕ್ಷಣ ‘ತಲುಪಿದೆವು’ ಎಂಬ ಸಂದೇಶ ಮನೆಗೆ ಬರುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ತಂದೆತಾಯಿಯನ್ನು ಸಿಂಗಪುರಕ್ಕೆ ಕಳಿಸುವ ಮಕ್ಕಳು ಸಾವಿರ ರೂಪಾಯಿಯಲ್ಲಿ ಜಿಪುಣತನ ಮಾಡಿ, ಆಮೇಲೆ ಎರಡು ದಿನ ಫೋನ್ ಸಿಗದೆ ಒದ್ದಾಡುವುದನ್ನು ನೋಡಿದ್ದೇನೆ.

ಪ್ಯಾಕ್ ಹಾಕಿಸುವಾಗ ಮೂರು ಪ್ರಶ್ನೆ ಕೇಳಲೇಬೇಕು. ನಾವು ಹೋಗುವ ದೇಶ ಪಟ್ಟಿಯಲ್ಲಿದೆಯೇ, ನಡುವೆ ವಿಮಾನ ಬದಲಾಯಿಸುವ ದೇಶವೂ ಇದೆಯೇ? ಒಂದು ದಿನ ಎಂದರೆ ಚಾಲೂ ಆದ ಕ್ಷಣದಿಂದ 24 ಗಂಟೆಯೇ, ಅಥವಾ ಮಧ್ಯರಾತ್ರಿಗೆ ಮುಗಿಯುತ್ತದೆಯೇ? ಡೇಟಾ ಮಿತಿ ಮೀರಿದರೆ ನಿಂತುಹೋಗುತ್ತದೆಯೇ, ವೇಗ ಇಳಿಯುತ್ತದೆಯೇ, ಅಥವಾ ಎಂಬಿ ಲೆಕ್ಕದಲ್ಲಿ ಹಣ ಏರುತ್ತದೆಯೇ? ಪೋಸ್ಟ್‌ಪೇಯ್ಡ್ ಇರುವವರಿಗೆ ಕೊನೆಯ ಪ್ರಶ್ನೆಯೇ ಮುಖ್ಯ. ಪ್ರೀಪೇಯ್ಡ್‌ನಲ್ಲಿ ಬ್ಯಾಲೆನ್ಸ್ ಮುಗಿದರೆ ಸೇವೆ ನಿಲ್ಲುತ್ತದೆ. ಪೋಸ್ಟ್‌ಪೇಯ್ಡ್‌ನಲ್ಲಿ ಬಿಲ್ ಬರುತ್ತದೆ.

ಫೋನ್ ಬಳಕೆ ಚೆನ್ನಾಗಿ ಗೊತ್ತಿರುವವರಿಗೆ ಪ್ರವಾಸಿ ಇ-ಸಿಮ್ ಅಗ್ಗ ಮತ್ತು ಸುಲಭ. ಇದರಲ್ಲೂ ಒಂದು ಭಾರತೀಯ ತೊಡಕಿದೆ. 2024ರ ಜನವರಿಯಲ್ಲಿ ಐರಾಲೋ, ಹೋಲಾಫ್ಲೈ ಎಂಬ ಹೆಸರುವಾಸಿ ಇ-ಸಿಮ್ ಆ್ಯಪ್‌ಗಳನ್ನು ನಮ್ಮ ದೇಶದ ಆ್ಯಪ್ ಅಂಗಡಿಗಳಿಂದ ತೆಗೆದುಹಾಕಲಾಯಿತು. ವಿದೇಶಿ ಸಿಮ್ ಅಥವಾ ಇ-ಸಿಮ್ಮನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು, ಅದು ಅವರ ಬಳಿ ಇಲ್ಲ ಎಂಬುದು ಸರ್ಕಾರದ ಕಾರಣ. ಹಾಗಾಗಿ ವಿದೇಶದಲ್ಲಿರುವ ನೆಂಟರು ಹೇಳಿದ ಆ್ಯಪ್ ನಿಮ್ಮ ಫೋನಿನಲ್ಲಿ ಸಿಗದಿದ್ದರೆ ಗಾಬರಿ ಬೇಡ. ಅನುಮತಿ ಪಡೆದು ಮಾರುವ ಭಾರತೀಯ ಕಂಪನಿಗಳಿವೆ. ಕೊಳ್ಳುವ ಮೊದಲು ಆ ಅನುಮತಿಯ ಬಗ್ಗೆ ಕೇಳಿ ತಿಳಿದುಕೊಳ್ಳಿ. ‘ಅನ್‌ಲಿಮಿಟೆಡ್’ ಎಂಬ ಪದ ಕಂಡಲ್ಲಿ ಕೆಳಗಿನ ಸಣ್ಣಕ್ಷರ ಓದಿ. ದಿನಕ್ಕೆ ಇಷ್ಟು ಜಿಬಿ ಆದ ಮೇಲೆ ವೇಗ ಆಮೆಗತಿಗೆ ಇಳಿಯುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ಹಾಟ್‌ಸ್ಪಾಟ್ ಹಂಚಲು ಅವಕಾಶ ಇದೆಯೇ ಎಂಬುದನ್ನೂ ನೋಡಿ. ಗಂಡನ ಫೋನಿನ ಡೇಟಾವನ್ನು ಹೆಂಡತಿಗೂ ಹಂಚಿಕೊಳ್ಳುವ ಲೆಕ್ಕ ಹಾಕಿಕೊಂಡು ಹೋದವರಿಗೆ ಇದು ಅಲ್ಲೇ ಹೋಗಿ ತಿಳಿಯಬಾರದು.

ಹಣ ಕಟ್ಟುವಾಗ ಕಾರ್ಡ್ ತಿರಸ್ಕೃತವಾದರೆ ತಪ್ಪು ಇ-ಸಿಮ್ ಕಂಪನಿಯದ್ದಾಗಿರಲಿಕ್ಕಿಲ್ಲ. 2020ರ ರಿಸರ್ವ್ ಬ್ಯಾಂಕ್ ಆದೇಶದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು, ಮಿತಿಯನ್ನೂ ನೀವೇ ಗೊತ್ತುಮಾಡಬೇಕು.

ಮಗಳ ಮನೆಯಲ್ಲಿ ಐದಾರು ತಿಂಗಳು ಇರುವವರಿಗೆ ಮೇಲಿನ ಎರಡೂ ಬೇಡ. ಅಲ್ಲಿಯ ಸಿಮ್ ಹಾಕಿಸಿಕೊಳ್ಳುವುದೇ ಸರಿ. ಅಮೆರಿಕದಲ್ಲಾದರೆ ಮಕ್ಕಳು ತಮ್ಮ ಕುಟುಂಬದ ಪ್ಲಾನಿಗೇ ಒಂದು ನಂಬರ್ ಸೇರಿಸಿಬಿಡುತ್ತಾರೆ. ಒಂದು ವಿಷಯ ನೆನಪಿರಲಿ: ಅಮೆರಿಕದ ದೊಡ್ಡ ಕಂಪನಿಗಳು 2022ರ ಹೊತ್ತಿಗೆ 3ಜಿ ಜಾಲವನ್ನು ಮುಚ್ಚಿವೆ. ಅಲ್ಲಿ ಕರೆಗಳು 4ಜಿ ಮೂಲಕವೇ, ಅಂದರೆ ವೋಲ್ಟಿಯಲ್ಲೇ ಹೋಗಬೇಕು. ಆಸ್ಟ್ರೇಲಿಯಾದಲ್ಲೂ 2024ರ ಅಕ್ಟೋಬರ್‌ನಲ್ಲಿ 3ಜಿ ನಿಂತಿತು; ತುರ್ತು ಸಂಖ್ಯೆ 000ಕ್ಕೆ 4ಜಿಯಲ್ಲಿ ಕರೆ ಮಾಡಲಾಗದ ಫೋನುಗಳನ್ನು ಅಲ್ಲಿನ ಜಾಲಗಳು ಸೇರಿಸಿಕೊಳ್ಳುವುದೇ ಇಲ್ಲ. ಊರಿನಲ್ಲಿ ಚೆನ್ನಾಗಿಯೇ ಇರುವ ಹಳೆಯ ಫೋನು ಅಲ್ಲಿ ಕೆಲಸಕ್ಕೆ ಬಾರದೆ ಹೋಗುವುದು ಹೀಗೆ.

ಊರಿನ ನಂಬರ್ ಸಾಯಬಾರದು

ಡೇಟಾಗೆ ಏನೇ ವ್ಯವಸ್ಥೆ ಮಾಡಿದರೂ ಊರಿನ ಸಿಮ್ ಫೋನಿನಲ್ಲೇ ಇರಲಿ. ತೆಗೆದು ಪರ್ಸಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಹಳೆಯ ಕಾಲದ್ದು. ಈಗ ಒಟಿಪಿ ಯಾವ ಗಳಿಗೆಯಲ್ಲಿ ಬೇಕಾಗುತ್ತದೋ ಹೇಳಲಾಗದು. ಇದರ ಮೇಲೆ, 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ವಾಟ್ಸ್‌ಆ್ಯಪ್‌ನಂಥ ಸೇವೆಗಳಿಗೆ ಒಂದು ಸೂಚನೆ ಕೊಟ್ಟಿದೆ: ಖಾತೆ ತೆರೆದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ಸೇವೆ ನಡೆಯುವಂತೆ ಮಾಡಬೇಕು ಎಂದು. ಸಿಮ್ ತೆಗೆಯದಿರಲು ಇದು ಇನ್ನೊಂದು ಕಾರಣ.

ಸಿಮ್ ಒಳಗಿದ್ದರಷ್ಟೇ ಸಾಲದು, ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಕಂಪನಿಯ ಆ್ಯಪ್‌ನಲ್ಲಿ ಚಾಲೂ ಮಾಡಿರಬೇಕು. ಡೇಟಾ ಪ್ಯಾಕ್ ಬೇರೆ, ಈ ಸೇವೆ ಬೇರೆ. ಸೇವೆ ಚಾಲೂ ಇದ್ದರೆ ಅಲ್ಲಿನ ಯಾವುದೋ ಜಾಲದಲ್ಲಿ ನಿಮ್ಮ ಸಿಮ್ ದಾಖಲಾಗುತ್ತದೆ, ಎಸ್‌ಎಂಎಸ್ ಬರುತ್ತದೆ. ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಹಣವಿಲ್ಲ. ಕರೆ ಎತ್ತಿದರೆ ಮಾತ್ರ ನಿಮಿಷದ ಲೆಕ್ಕದಲ್ಲಿ ಹಣ ಹೋಗುತ್ತದೆ. ಸಾಲ ಬೇಕೇ, ಸೈಟು ಬೇಕೇ ಎಂದು ಕೇಳುವ ಕರೆಗಳನ್ನು ಪ್ಯಾರಿಸಿನಲ್ಲಿ ಎತ್ತಿ ಮರ್ಯಾದೆಯಿಂದ ‘ಬೇಡಪ್ಪ’ ಎನ್ನುವುದು ದುಬಾರಿ ಸೌಜನ್ಯ.

ಆರು ತಿಂಗಳಿಗೆ ಹೋಗುವವರು ಹೊರಡುವ ಮೊದಲೇ ದೀರ್ಘಾವಧಿಯ ರೀಚಾರ್ಜ್ ಮಾಡಿಸಿ. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ನಿಯಮ ತಿದ್ದಿದ ಮೇಲೆ, ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್‌ಗಳು ಬಂದಿವೆ. ಇಂಥ ಪ್ಯಾಕ್‌ಗಳಿಗೆ 365 ದಿನದವರೆಗೂ ಅವಧಿ ಕೊಡಲು ಅವಕಾಶವಿದೆ. ಊರಿನಲ್ಲಿಲ್ಲದವರಿಗೆ ಇದಕ್ಕಿಂತ ಹೊಂದುವ ಪ್ಯಾಕ್ ಬೇರಿಲ್ಲ. ರೀಚಾರ್ಜ್ ಮಾಡದೆ ಬಿಟ್ಟರೆ ಏನಾಗುತ್ತದೆ? 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ಸಂಪರ್ಕವನ್ನು ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಅವಧಿ ಮುಂದುವರಿಸುವ ಏರ್ಪಾಡು ಟ್ರಾಯ್ ನಿಯಮದಲ್ಲಿದೆ, ಆದರೆ ಪಿಂಚಣಿ ಖಾತೆಗೆ ಜೋಡಿಸಿದ ನಂಬರನ್ನು ಇಪ್ಪತ್ತು ರೂಪಾಯಿಯ ನಂಬಿಕೆಯಲ್ಲಿ ಬಿಟ್ಟುಹೋಗಬೇಡಿ. ನಂಬರ್ ಹೋದರೆ ಕೆಲಕಾಲದ ನಂತರ ಅದನ್ನು ಬೇರೆಯವರಿಗೆ ಕೊಡುತ್ತಾರೆ. ನಿಮ್ಮ ಬ್ಯಾಂಕಿನ ಸಂದೇಶ ಅವರಿಗೆ ಹೋಗುತ್ತದೆ.

ಇ-ಸಿಮ್ ಕೂರಿಸುವುದು

ಇದನ್ನು ಮನೆಯ ವೈ-ಫೈನಲ್ಲಿ, ಹೊರಡಲು ಎರಡು ಮೂರು ದಿನ ಇರುವಾಗ ಮಾಡಿ. ಮೈಸೂರಿನಿಂದ ಕೆಂಪೇಗೌಡ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ಸಿನಲ್ಲಿ ಕೂತು ಮಾಡುವ ಕೆಲಸವಲ್ಲ. ದಾರಿಯಲ್ಲಿ ಸಿಗ್ನಲ್ ಹೋಗಿ ಅರ್ಧದಲ್ಲಿ ನಿಂತರೆ ಆ ಕ್ಯೂಆರ್ ಕೋಡ್ ಮತ್ತೆ ಕೆಲಸ ಮಾಡದಿರಬಹುದು, ಏಕೆಂದರೆ ಹೆಚ್ಚಿನವು ಒಂದೇ ಸಲ ಬಳಸುವಂಥವು. ಕೂರಿಸುವ ಮೊದಲು ಒಂದು ಸಾಲು ಓದಿ: ಅವಧಿ ಎಣಿಕೆ ಶುರುವಾಗುವುದು ಕೂರಿಸಿದಾಗಲೋ, ಹೋದ ದೇಶದ ಜಾಲಕ್ಕೆ ಸೇರಿದಾಗಲೋ? ಹೆಚ್ಚಿನವುಗಳಲ್ಲಿ ಎರಡನೆಯದು. ಮೊದಲನೆಯದಾದರೆ ಹೊರಡುವ ದಿನದವರೆಗೆ ತಡೆಯಿರಿ.

ಕ್ಯೂಆರ್ ಕೋಡ್ ಬರುವುದು ನಿಮ್ಮದೇ ಫೋನಿನ ಇಮೇಲಿಗೆ. ಅದೇ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡುವುದು ಹೇಗೆ? ಮನೆಯವರ ಫೋನಿಗೆ ಕಳಿಸಿ, ಅವರ ಪರದೆಯಿಂದ ಸ್ಕ್ಯಾನ್ ಮಾಡಿ. ಅಥವಾ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬನ್ನಿ. ಕೋಡಿನ ಜೊತೆ ಬರುವ ವಿಳಾಸ ಮತ್ತು ಸಂಕೇತವನ್ನು ಕೈಯಲ್ಲೇ ಟೈಪ್ ಮಾಡಲೂ ಬರುತ್ತದೆ. ಮುದ್ರಿತ ಪ್ರತಿ ಪಾಸ್‌ಪೋರ್ಟ್ ಜೊತೆ ಇರಲಿ.

ಕೂತ ತಕ್ಷಣ ಫೋನು ಎರಡು ಸಂಪರ್ಕಗಳಿಗೆ ಹೆಸರು ಕೇಳುತ್ತದೆ. ತಾನಾಗಿ ‘ಪ್ರೈಮರಿ’, ‘ಸೆಕೆಂಡರಿ’ ಎಂದೇನೋ ಇಟ್ಟಿರುತ್ತದೆ. ಅದನ್ನು ಅಳಿಸಿ, ಕನ್ನಡದಲ್ಲೇ ಒಂದಕ್ಕೆ ‘ಊರು’ ಎಂದೂ ಇನ್ನೊಂದಕ್ಕೆ ‘ಪ್ರವಾಸ’ ಎಂದೂ ಬರೆಯಿರಿ. ಎರಡು ನಿಮಿಷದ ಕೆಲಸ. ಆಮೇಲೆ ಮಗ ಮೈಸೂರಿನಿಂದ ಫೋನಿನಲ್ಲಿ ‘ಅಮ್ಮ, ಸೆಟ್ಟಿಂಗ್ಸ್ ತೆಗೆಯಿರಿ. ಪ್ರವಾಸ ಅಂತ ಇದೆಯಲ್ಲ, ಅದನ್ನು ಒತ್ತಿ’ ಎಂದು ಹೇಳಬಹುದು. ‘ಸೆಕೆಂಡರಿ’ ಎಂದು ಹೇಳಿಕೊಟ್ಟಾಗ ಅಮ್ಮ ಯಾವುದನ್ನು ಒತ್ತುತ್ತಾರೋ ದೇವರೇ ಬಲ್ಲ.

ಈಗ ಇಡೀ ವಿಷಯದಲ್ಲಿ ಅತಿ ಹೆಚ್ಚು ಜನರನ್ನು ಕಾಡುವ ಜಾಗಕ್ಕೆ ಬಂದೆವು. ‘ಡೇಟಾ ರೋಮಿಂಗ್’ ಎಂಬ ಗುಂಡಿ ಎರಡು ಸಿಮ್‌ಗೂ ಬೇರೆ ಬೇರೆ ಇರುತ್ತದೆ. ‘ಊರು’ ಸಿಮ್‌ನಲ್ಲಿ ಅದು ಆಫ್ ಇರಬೇಕು. ‘ಪ್ರವಾಸ’ ಸಿಮ್‌ನಲ್ಲಿ ಆನ್ ಇರಬೇಕು. ರೋಮಿಂಗ್ ಎಂದರೆ ಬಿಲ್ಲಿನ ಬೆಂಕಿ ಎಂದು ಎಲ್ಲರೂ ಹೆದರಿಸಿರುವುದರಿಂದ ಜನ ಎರಡನ್ನೂ ಆಫ್ ಮಾಡುತ್ತಾರೆ, ಆಮೇಲೆ ಇ-ಸಿಮ್ ಮೋಸ ಎಂದು ಬೈಯುತ್ತಾರೆ. ಪ್ರವಾಸಿ ಇ-ಸಿಮ್ ಬಹುಮಟ್ಟಿಗೆ ನೀವು ಹೋದ ದೇಶದ ಸಿಮ್ಮೇ ಅಲ್ಲ. ಮೂರನೆಯ ಯಾವುದೋ ದೇಶದ ಕಂಪನಿಯದ್ದು, ಅಲ್ಲಿ ಅದೂ ನಿಮ್ಮಂತೆಯೇ ಅತಿಥಿ. ರೋಮಿಂಗ್ ಬಿಡದಿದ್ದರೆ ಅದಕ್ಕೆ ಒಳಗೆ ಪ್ರವೇಶವಿಲ್ಲ. ಹಣ ಮೊದಲೇ ಕಟ್ಟಿರುವುದರಿಂದ ಬಿಲ್ಲಿನ ಭಯವೂ ಇಲ್ಲ.

ಇನ್ನೊಂದು ಗುಂಡಿ: ಒಂದು ಸಿಮ್‌ಗೆ ಡೇಟಾ ಸಿಗದಿದ್ದಾಗ ತಾನಾಗಿ ಇನ್ನೊಂದಕ್ಕೆ ಹಾರುವ ಸೌಲಭ್ಯ. ಐಫೋನಿನಲ್ಲೂ ಇದೆ, ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ಅದನ್ನು ಮುಚ್ಚಿಬಿಡಿ.

ವಾಟ್ಸ್‌ಆ್ಯಪ್ ಹೊಸ ಸಿಮ್ ಕಂಡು ‘ನಂಬರ್ ಬದಲಾಯಿಸುತ್ತೀರಾ’ ಎಂದು ಕೇಳಿದರೆ ಬೇಡ ಎನ್ನಿ. ಡೇಟಾ ಯಾವ ಸಿಮ್‌ನಿಂದ ಬಂದರೂ ವಾಟ್ಸ್‌ಆ್ಯಪ್ ಊರಿನ ನಂಬರಿನಲ್ಲೇ ನಡೆಯುತ್ತದೆ.

ಹೊರಡುವ ವಾರ

ನಮಗೆ ದಿನಕ್ಕೆ ಒಂದೂವರೆ, ಎರಡು ಜಿಬಿ ಬಳಸಿ ರೂಢಿ. ಪರದೇಶದಲ್ಲಿ ಐದು ಜಿಬಿ ಕೊಂಡು ವಾರವೆಲ್ಲ ನಡೆಸಬೇಕು. ವಾಟ್ಸ್‌ಆ್ಯಪ್ ಮಾತಿನ ಕರೆಗೆ ಹೆಚ್ಚೇನೂ ಖರ್ಚಾಗುವುದಿಲ್ಲ, ದಾರಿ ತೋರಿಸುವ ನಕ್ಷೆಗೂ ಅಷ್ಟೇ. ನುಂಗುವುದು ವಿಡಿಯೋ: ಒಳ್ಳೆಯ ಗುಣಮಟ್ಟದ ಯೂಟ್ಯೂಬ್ ಗಂಟೆಗೆ ಒಂದು ಜಿಬಿಗೂ ಮೀರಬಹುದು. ಅದಕ್ಕಿಂತ ಕಳ್ಳತನದಿಂದ ತಿನ್ನುವವು ನೀವು ನೋಡದಿದ್ದಾಗ ನಡೆಯುವ ಕೆಲಸಗಳು. ಫೋಟೋ ಬ್ಯಾಕಪ್, ಆ್ಯಪ್‌ಗಳ ಅಪ್‌ಡೇಟ್, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಗಾದರೆ ಬಂದು ಬೀಳುವ ಶುಭೋದಯದ ವಿಡಿಯೋಗಳು. ಮೂರನ್ನೂ ‘ವೈ-ಫೈನಲ್ಲಿ ಮಾತ್ರ’ ಎಂದು ಮಾಡಿ.

ಗೂಗಲ್ ನಕ್ಷೆಯಲ್ಲಿ ಹೋಗುವ ನಗರವನ್ನು ಇಳಿಸಿಟ್ಟುಕೊಳ್ಳಿ. ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮೊದಲು ಮೈಸೂರಿನ ನಕ್ಷೆಯನ್ನೇ ಇಳಿಸಿ, ಡೇಟಾ ಆಫ್ ಮಾಡಿ, ಕುವೆಂಪುನಗರದಿಂದ ಚಾಮುಂಡಿ ಬೆಟ್ಟಕ್ಕೆ ದಾರಿ ಕೇಳಿ ನೋಡಿ. ನೆಟ್ ಇಲ್ಲದೆಯೂ ನೀಲಿ ಚುಕ್ಕೆ ಚಲಿಸುತ್ತದೆ, ಏಕೆಂದರೆ ಸ್ಥಳ ತಿಳಿಯುವುದು ಉಪಗ್ರಹದಿಂದ. ಊರಿನಲ್ಲಿ ಒಮ್ಮೆ ಹೀಗೆ ನೋಡಿದವರಿಗೆ ರೋಮಿನ ಗಲ್ಲಿಯಲ್ಲಿ ಧೈರ್ಯ ಇರುತ್ತದೆ. ದಕ್ಷಿಣ ಕೊರಿಯಾಕ್ಕೆ ಹೋಗುವವರು ಮಾತ್ರ ಗೂಗಲನ್ನು ನೆಚ್ಚಿಕೊಳ್ಳದೆ ಅಲ್ಲಿಯ ನೇವರ್ ಅಥವಾ ಕಾಕಾವ್ ನಕ್ಷೆ ಹಾಕಿಕೊಳ್ಳಿ.

ಬ್ಯಾಂಕಿನ 1800 ಎಂದು ಶುರುವಾಗುವ ಉಚಿತ ಸಂಖ್ಯೆಗಳು ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಕಾರ್ಡಿನ ಹಿಂದೆ ಅಥವಾ ಬ್ಯಾಂಕಿನ ಜಾಲತಾಣದಲ್ಲಿ +91ರಿಂದ ಶುರುವಾಗುವ ಸಂಖ್ಯೆ ಇರುತ್ತದೆ, ಅದನ್ನು ಉಳಿಸಿಕೊಳ್ಳಿ. ಹೋಟೆಲಿನ ವಿಳಾಸ, ವಿಮಾನದ ಟಿಕೆಟ್, ವಿಮೆ ಇವುಗಳ ಚಿತ್ರ ಫೋನಿನೊಳಗೇ ಇರಲಿ, ಇಮೇಲಿನಲ್ಲಿ ಇದೆ ಎಂಬ ಭರವಸೆ ಬೇಡ. ಹಿರಿಯರಾದರೆ ಮಕ್ಕಳ ಫೋನ್ ಸಂಖ್ಯೆಯನ್ನು ದೇಶದ ಸಂಕೇತದೊಂದಿಗೆ ಕಾಗದದಲ್ಲಿ ಬರೆದು ಜೇಬಿನಲ್ಲಿಡಿ.

ವಿಮಾನದಿಂದ ಹೋಟೆಲ್‌ವರೆಗೆ

ವಿಮಾನ ಏರಿದ ಮೇಲೆ ಫ್ಲೈಟ್ ಮೋಡ್ ಹಾಕುವುದು ಗಗನಸಖಿಯ ಒತ್ತಾಯಕ್ಕಷ್ಟೇ ಅಲ್ಲ, ಜೇಬಿಗೂ ಒಳ್ಳೆಯದು. ಕೆಲವು ವಿಮಾನಗಳ ಒಳಗೇ ಮೊಬೈಲ್ ಜಾಲ ಇರುತ್ತದೆ, ಅದಕ್ಕೆ ದರವೇ ಬೇರೆ. ಸಾಮಾನ್ಯ ರೋಮಿಂಗ್ ಪ್ಯಾಕ್ ಅಲ್ಲಿ ನಡೆಯಬೇಕೆಂದಿಲ್ಲ. ಸಮುದ್ರದ ಕ್ರೂಸ್ ಹಡಗುಗಳಲ್ಲೂ ಇದೇ ಕಥೆ.

ಇಳಿದ ಮೇಲೆ ಫ್ಲೈಟ್ ಮೋಡ್ ತೆಗೆದು ಐದು ನಿಮಿಷ ಸುಮ್ಮನಿರಿ. ಹೊಸ ದೇಶದಲ್ಲಿ ಜಾಲ ಹುಡುಕಿ, ನಮ್ಮ ಕಂಪನಿಯನ್ನು ವಿಚಾರಿಸಿ, ಒಪ್ಪಿಗೆ ಪಡೆಯಲು ಫೋನಿಗೆ ಸಮಯ ಹಿಡಿಯುತ್ತದೆ. ನಿಲ್ದಾಣದ ಉಚಿತ ವೈ-ಫೈ ನಂಬಿಕೊಂಡು ಹೋಗುವುದು ಸರಿಯಲ್ಲ. ಕೆಲವೆಡೆ ಅದೂ ಎಸ್‌ಎಂಎಸ್ ಒಟಿಪಿ ಕೇಳುತ್ತದೆ.

ಡೇಟಾ ಬರದಿದ್ದರೆ ಈ ಕ್ರಮದಲ್ಲಿ ನೋಡಿ:

1. ಫ್ಲೈಟ್ ಮೋಡ್ ಅರ್ಧ ನಿಮಿಷ ಹಾಕಿ ತೆಗೆಯಿರಿ.
2. ಡೇಟಾಗೆ ‘ಪ್ರವಾಸ’ ಸಿಮ್ ಆಯ್ಕೆಯಾಗಿದೆಯೇ, ಅದರ ಡೇಟಾ ರೋಮಿಂಗ್ ಆನ್ ಇದೆಯೇ ನೋಡಿ. ಬಹುಪಾಲು ಸಮಸ್ಯೆ ಇಲ್ಲೇ ಮುಗಿಯುತ್ತದೆ.
3. ನೆಟ್‌ವರ್ಕ್ ಆಯ್ಕೆಯನ್ನು ‘ಆಟೊಮ್ಯಾಟಿಕ್’ ಬದಲು ಕೈಯಲ್ಲೇ ಮಾಡಿ. ಕಾಣುವ ಹೆಸರುಗಳಲ್ಲಿ, ನಿಮ್ಮ ಕಂಪನಿ ಒಪ್ಪಂದ ಮಾಡಿಕೊಂಡಿರುವ ಜಾಲವನ್ನು ಆರಿಸಿ. ಆ ಹೆಸರು ಪ್ಯಾಕ್ ವಿವರದಲ್ಲಿ ಇರುತ್ತದೆ, ಮೊದಲೇ ಬರೆದಿಟ್ಟುಕೊಂಡಿರಬೇಕು.
4. ಎಪಿಎನ್ (ಫೋನು ಡೇಟಾ ಜಾಲಕ್ಕೆ ಸೇರಲು ಬೇಕಾದ ಹೆಸರು) ಎಂಬಲ್ಲಿ ಕಂಪನಿ ಕೊಟ್ಟ ಪದವನ್ನೇ, ಅಕ್ಷರ ತಪ್ಪದಂತೆ ತುಂಬಿ.
5. ಫೋನ್ ಪೂರ್ತಿ ಆಫ್ ಮಾಡಿ ಮತ್ತೆ ಹಾಕಿ.
6. ಇಷ್ಟಾದರೂ ಬರದಿದ್ದರೆ ಹೋಟೆಲ್ ವೈ-ಫೈನಿಂದ ಸಹಾಯವಾಣಿಗೆ ಬರೆಯಿರಿ. ಇ-ಸಿಮ್ಮನ್ನು ಮಾತ್ರ ಅಳಿಸಬೇಡಿ. ಅಳಿಸಿ ಮತ್ತೆ ಹಾಕೋಣ ಎಂದರೆ ಹಳೆಯ ಕೋಡ್ ಒಪ್ಪದಿರಬಹುದು.

ಡೇಟಾ ಬಂತು, ಆದರೆ ನಿಧಾನ ಎಂಬ ದೂರು ಇನ್ನೊಂದು. ರೋಮಿಂಗ್‌ನಲ್ಲಿ ನಿಮ್ಮ ಇಂಟರ್ನೆಟ್ ಹೆಚ್ಚಾಗಿ ಊರಿನ ಕಂಪನಿಯ ಮೂಲಕವೇ ಹಾದುಬರುತ್ತದೆ. ನ್ಯೂಯಾರ್ಕಿನಲ್ಲಿ ಕೂತು ನ್ಯೂಯಾರ್ಕಿನ ಹೋಟೆಲ್ ಹುಡುಕಿದರೂ ಆ ಕೋರಿಕೆ ಭಾರತಕ್ಕೆ ಬಂದು ಮತ್ತೆ ಹೋಗಬೇಕು. ಈ ಸುತ್ತುಬಳಸಿನಿಂದ ಲಾಭವೂ ಇದೆ. ಚೀನಾದಲ್ಲಿ ಗೂಗಲ್, ವಾಟ್ಸ್‌ಆ್ಯಪ್, ಯೂಟ್ಯೂಬ್ ಮುಚ್ಚಿವೆ. ಅಲ್ಲಿಯ ಸಿಮ್ ಕೊಂಡರೆ ಮನೆಗೆ ಒಂದು ಸಂದೇಶವೂ ಹೋಗದು, ಆದರೆ ಹೊರದೇಶದ ಸಿಮ್ಮಿನ ರೋಮಿಂಗ್‌ನಲ್ಲಿ ಅವು ಸಾಮಾನ್ಯವಾಗಿ ತೆರೆಯುತ್ತವೆ. ದುಬೈನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿಯ ಸಿಮ್ ಹಾಕಿದವರು ಸರ್ಕಾರ ಒಪ್ಪಿದ ಬೋಟಿಮ್‌ನಂಥ ಆ್ಯಪ್ ಬಳಸಬೇಕು. ಇದನ್ನು ಮನೆಯಲ್ಲಿರುವವರಿಗೂ ಮೊದಲೇ ಹೇಳಿ, ಅವರೂ ಆ ಆ್ಯಪ್ ಹಾಕಿಕೊಂಡಿರಬೇಕು. ಮೂರನೆಯ ದೇಶದ ಇ-ಸಿಮ್ ಆದರೆ ಜಾಹೀರಾತುಗಳು ಅರ್ಥವಾಗದ ಭಾಷೆಯಲ್ಲಿ ಬರುತ್ತವೆ, ನಮ್ಮ ಕೆಲವು ಸರ್ಕಾರಿ ಜಾಲತಾಣಗಳು ತೆರೆಯುವುದೇ ಇಲ್ಲ. ಫೋನ್ ಕೆಟ್ಟಿಲ್ಲ.

ಅಲ್ಲೇ ಸಿಮ್ ಕೊಳ್ಳುವವರಿಗೆ

ಪಾಸ್‌ಪೋರ್ಟ್ ಕೇಳುತ್ತಾರೆ, ಕೊಡಿ. ಸೌದಿ ಅರೇಬಿಯಾದಲ್ಲಿ ಬೆರಳಚ್ಚೂ ಬೇಕು. ಹಾಗಾಗಿ ಉಮ್ರಾಕ್ಕೆ ಹೋದ ಗುಂಪಿನಲ್ಲಿ ಒಬ್ಬರು ಹೋಗಿ ಎಲ್ಲರಿಗೂ ಸಿಮ್ ತರುವಂತಿಲ್ಲ, ಪ್ರತಿಯೊಬ್ಬರೂ ಕೌಂಟರಿಗೆ ಹೋಗಬೇಕು. ವಯಸ್ಸಾದವರಿದ್ದರೆ ಅದಕ್ಕೆ ಸಮಯ ಇಟ್ಟುಕೊಳ್ಳಿ. ಜಪಾನಿನಲ್ಲಿ ಪ್ರವಾಸಿಗಳಿಗೆ ಸಿಗುವುದು ಹೆಚ್ಚಾಗಿ ಡೇಟಾ ಮಾತ್ರದ ಸಿಮ್. ಕುಟುಂಬವಾಗಿ ಹೋದವರಿಗೆ ನಿಲ್ದಾಣದಲ್ಲೇ ಬಾಡಿಗೆಗೆ ಕೊಡುವ ಪುಟ್ಟ ವೈ-ಫೈ ಯಂತ್ರ ಅನುಕೂಲ, ಎಲ್ಲರೂ ಒಟ್ಟಿಗೇ ಓಡಾಡುವುದಾದರೆ.

ಯುರೋಪಿಗೆ ಹೋಗುವವರಿಗೆ ಒಂದು ಒಳ್ಳೆಯ ಸುದ್ದಿ. 2017ರ ಜೂನ್‌ನಿಂದ ಯುರೋಪಿಯನ್ ಒಕ್ಕೂಟದ ಒಂದು ದೇಶದ ಸಿಮ್ ಉಳಿದ ದೇಶಗಳಲ್ಲೂ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲದೆ ನಡೆಯುತ್ತದೆ. ಪ್ಯಾರಿಸಿನಲ್ಲಿ ಕೊಂಡದ್ದು ರೋಮಿನಲ್ಲೂ ಆಯಿತು. ಆದರೆ ನಮ್ಮವರ ಪ್ಯಾಕೇಜಿನಲ್ಲಿ ತಪ್ಪದೆ ಇರುವ ಸ್ವಿಟ್ಜರ್ಲೆಂಡ್ ಒಕ್ಕೂಟದ ಒಳಗಿಲ್ಲ, ಲಂಡನ್ ಈಗ ಹೊರಗೆ. ಸಿಮ್ ಕೊಳ್ಳುವಾಗ ಈ ಎರಡನ್ನು ಹೆಸರು ಹಿಡಿದು ಕೇಳಿ. ಇಲ್ಲವಾದರೆ ಆಲ್ಪ್ಸ್ ಹಿಮದಲ್ಲಿ ನಿಂತು ತೆಗೆದ ಫೋಟೋ ಹೋಟೆಲಿಗೆ ಬರುವವರೆಗೂ ಮಂಡ್ಯಕ್ಕೆ ತಲುಪದು.

ನೇಪಾಳ, ಭೂತಾನ್, ಶ್ರೀಲಂಕಾ, ಸಿಂಗಪುರ, ಯುಎಇ, ಮಾರಿಷಸ್, ಫ್ರಾನ್ಸ್ ಮುಂತಾದೆಡೆ ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಅದಕ್ಕೂ ಡೇಟಾ ಬೇಕು, ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಚಾಲೂ ಮಾಡಿರಬೇಕು. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಎಂದು ಕೈಯಲ್ಲಿ ಕಾಸಿಲ್ಲದೆ ತಿರುಗಬೇಡಿ.

ವಾಪಸು ಬಂದ ಮೇಲೆ

ಮನೆಗೆ ಬಂದು ಊರಿನ ಸಿಮ್ ಡೇಟಾಗೆ ಮರಳಿದ್ದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ‘ಪ್ರವಾಸ’ ಇ-ಸಿಮ್ ಅಳಿಸಿ. ಕಂಪನಿಯ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಮುಚ್ಚಿ, ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವಹಿವಾಟನ್ನೂ ಮುಚ್ಚಿ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ.

ಪೋಸ್ಟ್‌ಪೇಯ್ಡ್ ಗ್ರಾಹಕರು ಮುಂದಿನ ಬಿಲ್ಲನ್ನೂ ಅದರ ನಂತರದ ಬಿಲ್ಲನ್ನೂ ನೋಡಬೇಕು. ವಿದೇಶಿ ಜಾಲದ ಲೆಕ್ಕ ಕೆಲವೊಮ್ಮೆ ತಡವಾಗಿ ಬಂದು ಸೇರುತ್ತದೆ. ತಪ್ಪು ಕಂಡರೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ಉತ್ತರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಹೊರಡುವ ಮೊದಲು ಪ್ಯಾಕ್ ಚಾಲೂ ಆದಾಗ ಬಂದ ಎಸ್‌ಎಂಎಸ್‌ನ ಚಿತ್ರವನ್ನು ಲಗತ್ತಿಸಿ. ಯಾವ ದಿನ, ಯಾವ ಪ್ಯಾಕ್ ಎಂಬುದಕ್ಕೆ ಅದೇ ಪುರಾವೆ.